ಹನ್ನೆರಡೂವರೆಯ ನೆರಳು: ಗದ್ದೆ, ತೋಟದ ನಡುವೆ ಮರಕ್ಕೆ ಜಾಗ ಹುಡುಕುವ ಬಗೆ

"ಯಾವ ಮರ ನೆಡಲಿ?" ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಒಂದೆರಡು ಎಕರೆ ಜಾಗ ಇರುವವರು ಅದನ್ನು ಮೂರನೆಯದಾಗಿ ಕೇಳಬೇಕು. ಮೊದಲನೆಯದು, ಆ ಮರದ ನೆರಳು ಯಾವ ತಿಂಗಳಲ್ಲಿ ಯಾವ ಬೆಳೆಯ ಮೇಲೆ ಬೀಳುತ್ತದೆ? ಎರಡನೆಯದು, ಅದರ ಗೆಲ್ಲು ಕಡಿಯುವವರು ಯಾರು, ವರ್ಷಕ್ಕೆ ಎಷ್ಟು ಸಲ? ಈ ಎರಡು ಗೊತ್ತಾದರೆ ಮರದ ಹೆಸರು ತಾನಾಗಿ ಸಿಗುತ್ತದೆ. ಗೊತ್ತಾಗದೆ ನೆಟ್ಟರೆ ಎಂಟು ವರ್ಷ ಬಿಟ್ಟು ಗದ್ದೆ ಬೇಕೋ ಮರ ಬೇಕೋ ಎಂಬ ಜಗಳಕ್ಕೆ ಬರುತ್ತದೆ, ಆಗ ಎರಡರಲ್ಲಿ ಒಂದು ಹೋಗುತ್ತದೆ.

ಉಡುಪಿ ಜಿಲ್ಲೆಯ ಬ್ರಹ್ಮಾವರ, ಕಾಪು, ಕಾರ್ಕಳದ ಕಡೆ ಸಣ್ಣ ಹಿಡುವಳಿ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಳಗೆ ಬೈಲು, ನಡುವೆ ಮಜಲು, ಮೇಲೆ ಬೆಟ್ಟು. ಬದಿಯಲ್ಲಿ ಮೂವತ್ತು ನಲವತ್ತು ಸೆಂಟ್ಸು (ನೂರು ಸೆಂಟ್ಸಿಗೆ ಒಂದು ಎಕರೆ) ಅಡಿಕೆ ತೋಟ, ಮನೆಯ ಸುತ್ತ ಹತ್ತು ಹದಿನೈದು ತೆಂಗು. ಏಣೆಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಭತ್ತ, ಅದು ಕೊಯ್ದ ಮೇಲೆ ಉದ್ದು ಇಲ್ಲವೆ ತರಕಾರಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹಾಗಾಗಿ ಇಲ್ಲಿಯ ಮರ ನಾಲ್ಕು ತಿಂಗಳು ನೀರಿನಲ್ಲಿ ನಿಂತು, ಆರು ತಿಂಗಳು ಒಣಗಿದ ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆ ನೆಲದಲ್ಲಿ, ಬದುಕಬೇಕು. ಘಟ್ಟದ ಮೇಲಿನ ಸಲಹೆಯನ್ನು ಹಾಗೆಯೇ ಇಲ್ಲಿಗೆ ಇಳಿಸಿದರೆ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ನೆರಳಿನಿಂದ ಶುರು ಮಾಡೋಣ. ಡಿಸೆಂಬರ್ ಮೂರನೇ ವಾರದಲ್ಲಿ ಗದ್ದೆಯ ಹುಣಿಯ, ಅಂದರೆ ಬದುವಿನ, ಮೇಲೆ ನಾಲ್ಕು ಅಡಿಯ ಕೋಲೊಂದನ್ನು ನೆಟ್ಟಗೆ ಊರಿ. ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ ನೋಡಿ. ನಮ್ಮ ಊರು ಭಾರತೀಯ ಸಮಯದ ರೇಖೆಯಿಂದ ಪಡುವಣಕ್ಕೆ ಇರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಆ ಹೊತ್ತಿನಲ್ಲಿ ಕೋಲಿನ ನೆರಳು ಸರಿಯಾಗಿ ಬಡಗು (ಉತ್ತರ) ದಿಕ್ಕಿಗೆ, ಮೂರು ಅಡಿ ಉದ್ದಕ್ಕೆ ಬಿದ್ದಿರುತ್ತದೆ. ನಾಲ್ಕಕ್ಕೆ ಮೂರು. ಆ ಲೆಕ್ಕದಲ್ಲಿ 40 ಅಡಿಯ ಮರದ ನೆರಳು ಮಧ್ಯಾಹ್ನವೇ 30 ಅಡಿ ಬಡಗಿಗೆ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಅದೇ ಕೋಲನ್ನು ಜೂನ್ ಕೊನೆಯಲ್ಲಿ, ಮಳೆ ಬಿಟ್ಟ ಒಂದು ದಿನ ನೋಡಿದರೆ ನೆರಳು ಎಂಟು ಒಂಬತ್ತು ಇಂಚು ಮಾತ್ರ, ಅದೂ ತೆಂಕಿಗೆ (ದಕ್ಷಿಣಕ್ಕೆ). ಎಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನಮ್ಮ ನೆತ್ತಿಯಿಂದ ತುಸು ಬಡಗಿಗೆ ಇರುತ್ತಾನೆ. ಉಳಿದ ಎಂಟು ತಿಂಗಳು ತೆಂಕಿಗೆ.

ಇದರಿಂದ ಏನಾಗುತ್ತದೆ ನೋಡಿ. ಗದ್ದೆಯ ತೆಂಕಬದಿಯ ಹುಣಿಯಲ್ಲಿ ಸಾಲಾಗಿ ಎತ್ತರದ ಮರ ನೆಟ್ಟವರಿಗೆ ಏಣೆಲಿನಲ್ಲಿ ದೊಡ್ಡ ನಷ್ಟ ಕಾಣುವುದಿಲ್ಲ. ಉದ್ದು ಬಿತ್ತಿದಾಗ ಮಾತ್ರ ಮರದ ಬುಡದಿಂದ ಇಪ್ಪತ್ತು ಮೂವತ್ತು ಅಡಿ ಅಗಲದ ಪಟ್ಟಿಯೊಂದು ಬಳ್ಳಿಯಂತೆ ಉದ್ದ ಹೋಗಿ, ಹೂವಿಲ್ಲದೆ ಸೊಪ್ಪಾಗಿ ನಿಲ್ಲುತ್ತದೆ. "ಬೀಜ ಸರಿ ಇಲ್ಲ" ಎನ್ನುತ್ತೇವೆ. ಬೀಜದ ತಪ್ಪಲ್ಲ, ಅದು ಮೂರು ತಿಂಗಳು ಬಿಸಿಲು ಕಾಣದ ಪಟ್ಟಿ. ಮೂಡು-ಪಡುವಾಗಿ ಹೋಗುವ ಹುಣಿಯ ಸಾಲು ಹೀಗೆ ಒಂದೇ ಪಟ್ಟಿಯನ್ನು ದಿನವಿಡೀ ಕತ್ತಲಾಗಿಸುತ್ತದೆ. ತೆಂಕು-ಬಡಗಾಗಿ ಹೋಗುವ ಹುಣಿಯ ಸಾಲಾದರೆ ನೆರಳು ಬೆಳಿಗ್ಗೆ ಪಡುಬದಿಗೆ, ಸಂಜೆ ಮೂಡುಬದಿಗೆ ಸರಿಯುತ್ತದೆ, ಪ್ರತಿ ಸಾಲು ಬೆಳೆಗೂ ಅರ್ಧ ದಿನದ ಬಿಸಿಲು ದಕ್ಕುತ್ತದೆ. ಗದ್ದೆಯ ಬಳಿ ಎತ್ತರದ ಮರ ಬೇಕೇ ಬೇಕು ಎಂದಾದರೆ ಬಡಗಬದಿ, ಇಲ್ಲವೆ ತೆಂಕು-ಬಡಗಿನ ಹುಣಿ. ಬಡಗಬದಿಯಲ್ಲಿ ನೆಟ್ಟರೆ ನೆರಳು ಪಕ್ಕದವರ ಗದ್ದೆಗೆ ಬೀಳುತ್ತದೆ ಎಂಬುದನ್ನು ಮರೆಯಬೇಡಿ. ಅಲ್ಲಿ ದಾರಿಯೋ ತೋಡೋ ಇದ್ದರೆ ಸರಿ, ಗದ್ದೆ ಇದ್ದರೆ ನೆಡುವ ಮುಂಚೆ ಅವರ ಹತ್ತಿರ ಒಂದು ಮಾತು ಆಡಿ.

ಅಡಿಕೆ ತೋಟಕ್ಕೆ ಇದು ಪೂರ್ತಿ ತಿರುಗುಮುರುಗು. ಮಳೆಗಾಲ ಮುಗಿದ ಮೇಲೆ ತೆಂಕು-ಪಡುವಿನಿಂದ ಓರೆಯಾಗಿ ಬರುವ ಮಧ್ಯಾಹ್ನದ ಬಿಸಿಲು ಅಡಿಕೆಯ ಕಾಂಡಕ್ಕೆ ನೇರ ಬಡಿಯುತ್ತದೆ. ಮೊದಲು ಹಳದಿ ಕಲೆ, ಆಮೇಲೆ ಕಂದು ಬಣ್ಣ, ಮುಂದೆ ಬಿರುಕು. ಬಿರುಕಿನೊಳಗೆ ಶಿಲೀಂಧ್ರ ಹೊಕ್ಕು ಕೊಳೆಯುತ್ತದೆ, ನಾಲ್ಕೈದು ವರ್ಷ ಬಿಟ್ಟು ಒಂದು ಗಾಳಿಗೆ ಮರ ಆ ಜಾಗದಲ್ಲೇ ಮುರಿಯುತ್ತದೆ. ಆದ್ದರಿಂದ ತೋಟದ ತೆಂಕಬದಿ, ಪಡುಬದಿಗಳಲ್ಲಿ ಎತ್ತರದ ಮರ ಇರಲೇಬೇಕು. ಮರ ಬರುವ ತನಕ ಸೋಗೆ ಕಟ್ಟಬೇಕು, ಇಲ್ಲವೆ ಸುಣ್ಣ ಬಳಿಯಬೇಕು.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಗದ್ದೆಗೆ ಬಡಗಬದಿಯ ಮರ ಒಳ್ಳೆಯದು, ತೋಟಕ್ಕೆ ತೆಂಕಬದಿಯದು. ನಿಮ್ಮ ಅಡಿಕೆ ತೋಟ ಗದ್ದೆಯ ಬಡಗಿಗೆ ಇದ್ದರೆ ಅವೆರಡರ ನಡುವಿನ ಗಡಿಯೇ ಮರದ ಜಾಗ. ಒಂದೇ ಸಾಲು ಎರಡಕ್ಕೂ ಕೆಲಸ ಮಾಡುತ್ತದೆ. ಇಡೀ ಹಿಡುವಳಿಯಲ್ಲಿ ಹಲಸು, ಹೆಬ್ಬಲಸು, ಪುನರ್ಪುಳಿಗೆ (ಕೋಕಂ) ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ತೋಟದ ನೆಲ ಗದ್ದೆಗಿಂತ ಎರಡಡಿಯಾದರೂ ಎತ್ತರ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ. ಹಲಸಿನ ಬೇರು ನಿಂತ ನೀರನ್ನು ತಡೆಯುವುದಿಲ್ಲ, ಬೈಲಿನ ತಗ್ಗು ಹುಣಿಯಲ್ಲಿ ನೆಟ್ಟ ಹಲಸು ಒಳ್ಳೆಯದಾಗಿ ಬಂದು ಒಂದು ಆಟಿಯ ಜಡಿಮಳೆಯಲ್ಲಿ ಒಮ್ಮೆಲೇ ಎಲೆ ಬಾಡಿಸಿ ಸಾಯುತ್ತದೆ. ತೋಡಿನ ದಂಡೆಗೆ, ನೀರು ನಿಲ್ಲುವ ಜಾಗಕ್ಕೆ ಹೊಂಗೆ ಆಗುತ್ತದೆ.

ಮರದ ಸಾಲು ಮತ್ತು ಗದ್ದೆಯ ನಡುವೆ ಒಂದು ಕಣಿ ತೆಗೆಯಿರಿ. ಬುಡದಿಂದ ನಾಲ್ಕು ಅಡಿ ದೂರ, ಎರಡಡಿ ಆಳ, ಒಂದಡಿ ಅಗಲ ಸಾಕು. ಆಹಾರ ಹುಡುಕುವ ಸಣ್ಣ ಬೇರುಗಳು ಮೇಲಿನ ಎರಡಡಿಯಲ್ಲೇ ಓಡುತ್ತವೆ. ಕಣಿ ಅವನ್ನು ತುಂಡರಿಸುತ್ತದೆ, ತೋಟದ ನೀರನ್ನೂ ಬಸಿದುಕೊಂಡು ಹೋಗುತ್ತದೆ. ಮರ ಎರಡು ಮೂರು ವರ್ಷದ್ದಿರುವಾಗಲೇ ತೆಗೆಯಬೇಕು. ಹತ್ತು ವರ್ಷದ ಮರದ ಪಕ್ಕ ಹೊಸದಾಗಿ ತೆಗೆದರೆ ಹಿಡಿತದ ಬೇರೇ ತುಂಡಾಗಿ ಮರ ಗಾಳಿಗೆ ಮಗುಚುತ್ತದೆ.

ಇನ್ನು ಕತ್ತಿಯ ಮಾತು. ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ನೆಟ್ಟವರು ನೂರು ಮಂದಿ ಇದ್ದರೆ ಹೊತ್ತಿಗೆ ಸರಿಯಾಗಿ ಕಡಿದವರು ಕಡಿಮೆ. ಬೆಳೆಯ ನಡುವಿನ ಮರ ಕಾಡಿನ ಮರದ ಹಾಗೆ ಬಿಟ್ಟು ಬೆಳೆಸುವಂಥದ್ದಲ್ಲ. ಹುಣಿಯ ಗೊಬ್ಬರದ ಗಿಡಕ್ಕೆ, ಅಂದರೆ ಗ್ಲಿರಿಸಿಡಿಯಾಕ್ಕೆ, ವರ್ಷಕ್ಕೆ ಮೂರು ಸಲ ಕತ್ತಿ ಬೀಳಬೇಕು. ಒಂದು, ಜೂನ್ ಮೊದಲ ವಾರ: ಸೊಪ್ಪು ಉಳುಮೆಗೆ ಸಿಗುತ್ತದೆ. ಎರಡು, ಆಗಸ್ಟ್ ಕೊನೆ, ಸೋಣ ತಿಂಗಳು: ಭತ್ತ ಹೊಡೆಯಾಗುವ, ಅಂದರೆ ಒಳಗೆ ತೆನೆ ಮೂಡುವ, ಮುಂಚೆ. ಜುಲೈ ಮೊದಲಿಗೆ ನೆಟ್ಟ ಎಂಒ-4 ತಳಿಯ ಭತ್ತ ಸೆಪ್ಟೆಂಬರ್ ಹೊತ್ತಿಗೆ ಹೊಡೆಯಾಗಿ ಹೂ ಬಿಡುತ್ತದೆ. ಆಗ ನೆರಳಿದ್ದರೆ ಜಳ್ಳು ಹೆಚ್ಚುತ್ತದೆ, ಮೊದಲಿನ ನೆರಳು ಅಷ್ಟು ಕೆಡಿಸುವುದಿಲ್ಲ. ಮೂರು, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲು: ಉದ್ದಿಗೆ ಬಿಸಿಲು ಬಿಡಲಿಕ್ಕೆ. ಆಮೇಲೆ ಮಳೆ ಬರುವ ತನಕ ಮುಟ್ಟಬೇಡಿ. ಬೇಸಗೆಯಲ್ಲಿ ಕಡಿದರೆ ಚಿಗುರಲು ಬೇಕಾದ ನೀರು ನೆಲದಲ್ಲಿಲ್ಲ, ಗಿಡ ಸೊರಗುತ್ತದೆ, ಕೆಳಗಿನ ನೆಲಕ್ಕೂ ಬಿಸಿಲು ಬಡಿದು ಇದ್ದ ತೇವ ಹೋಗುತ್ತದೆ.

ಕಡಿಯುವುದು ನೆಲದಿಂದ ಮೂರು ಅಡಿ ಎತ್ತರದಲ್ಲಿ. ಹರಿತವಾದ ಕತ್ತಿ, ಒಂದೇ ಏಟು, ಓರೆಯಾಗಿ. ಮೊಂಡು ಕತ್ತಿಯಿಂದ ನಾಲ್ಕು ಸಲ ಕೊಚ್ಚಿದರೆ ತೊಗಟೆ ಸಿಗಿದು, ಆ ಸೀಳಿನಲ್ಲಿ ಮಳೆನೀರು ನಿಂತು ಬೊಡ್ಡೆ ಕೊಳೆಯುತ್ತದೆ. ಒಂದೇ ದಿನ ಎಲ್ಲ ಕಡಿಯಬೇಕೆಂದಿಲ್ಲ, ವಾರಕ್ಕೊಂದು ಬದಿ ಇಟ್ಟುಕೊಂಡರೆ ಮನೆಯವರೇ ಮುಗಿಸಬಹುದು. ಆಳು ಸಿಗುವುದಿಲ್ಲ ಎಂದು ಗೊತ್ತಿದ್ದರೆ ಗಿಡದ ಸಂಖ್ಯೆಯನ್ನೇ ಕಡಿಮೆ ಮಾಡಿ. ಕಡಿಯದೆ ಬಿಟ್ಟ ಗೊಬ್ಬರದ ಗಿಡ ನಾಲ್ಕನೇ ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಅಡಿ ಏರಿ ನಿಲ್ಲುತ್ತದೆ. ಆಮೇಲೆ ಅದನ್ನು ಇಳಿಸಲು ಮರ ಹತ್ತುವವರನ್ನೇ ಕರೆಯಬೇಕು.

ಎಷ್ಟು ಗಿಡ ಬೇಕು? ಅದಕ್ಕೂ ಲೆಕ್ಕ ಇದೆ. ಅಡಿಕೆಗೆ ಶಿಫಾರಸು ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿರು ಸೊಪ್ಪು, 12 ಕಿಲೊ ಹಟ್ಟಿ ಗೊಬ್ಬರ ಅಥವಾ ಕಾಂಪೋಸ್ಟ್, ಅದರೊಟ್ಟಿಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಒಂಬತ್ತಡಿಗೆ ಒಂಬತ್ತಡಿ ನೆಟ್ಟ ತೋಟದಲ್ಲಿ ಎಕರೆಗೆ 550ರ ಹತ್ತಿರ ಮರ. ಮೂವತ್ತು ಸೆಂಟ್ಸಿಗೆ 165. ಅದಕ್ಕೆ ಬೇಕಾದ ಸೊಪ್ಪು ಹತ್ತಿರ ಹತ್ತಿರ 2,000 ಕಿಲೊ. ಮೂರನೇ ವರ್ಷದಿಂದ ಗೊಬ್ಬರದ ಗಿಡವೊಂದಕ್ಕೆ ಮೂರು ಕಟಾವು ಸೇರಿ ಐದು ಕಿಲೊ ಸೊಪ್ಪು ಎಂದು ಹಿಡಿಯಿರಿ, ಚೆನ್ನಾಗಿ ನೋಡಿಕೊಂಡರೆ ಹೆಚ್ಚೂ ಬಂದೀತು. 400 ಗಿಡ ಬೇಕಾಯಿತು. ಚೌಕವಾದ ಒಂದು ಎಕರೆಯ ಸುತ್ತಳತೆ 835 ಅಡಿ. ಎರಡಡಿಗೆ ಒಂದರಂತೆ ನೆಟ್ಟರೆ 415 ಗಿಡ. ಒಂದು ಎಕರೆಯ ಬೇಲಿ ಮೂವತ್ತು ಸೆಂಟ್ಸು ಅಡಿಕೆಗೆ ಸೊಪ್ಪು ಕೊಡುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಗದ್ದೆಗೂ ಬೇಕೆಂದರೆ ಸೆಂಟ್ಸಿಗೆ 20 ಕಿಲೊ ಲೆಕ್ಕದಲ್ಲಿ ಬೇರೆ ಗಿಡ ನೆಡಬೇಕು. "ಬೇಲಿಯಲ್ಲಿ ಗ್ಲಿರಿಸಿಡಿಯಾ ಇದೆ, ಇನ್ನು ಗೊಬ್ಬರ ಬೇಡ" ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಗ್ಲಿರಿಸಿಡಿಯಾದ ಹಸಿ ಸೊಪ್ಪಿನಲ್ಲಿ ಸಾರಜನಕ ಶೇಕಡಾ ಮುಕ್ಕಾಲರಷ್ಟು, ಹಾಗಾಗಿ 12 ಕಿಲೊದಲ್ಲಿ 90 ಗ್ರಾಂ. ಸಾರಜನಕ ಬಹುಮಟ್ಟಿಗೆ ಆಯಿತು, ಪೊಟ್ಯಾಷ್ ಆಗಲಿಲ್ಲ. ಅದಕ್ಕೆ ಒಲೆಯ ಬೂದಿ, ಸುಡುಮಣ್ಣು, ಸಾಲದಿದ್ದರೆ ಅಂಗಡಿಯ ಪೊಟ್ಯಾಷ್ ಕೊಡಲೇಬೇಕು.

ಗೊಬ್ಬರದ ಗಿಡವನ್ನು ಕೋಲಿನಿಂದಲೂ ಎಬ್ಬಿಸಬಹುದು, ಬೀಜದಿಂದಲೂ. ಕೋಲಾದರೆ ಹೆಬ್ಬೆರಳಿಗಿಂತ ದಪ್ಪ, ಮೂರರಿಂದ ನಾಲ್ಕು ಅಡಿ ಉದ್ದ, ತೊಗಟೆ ಕಂದಾದ ಬಲಿತ ಗೆಲ್ಲಿನದು. ಹಸಿರು ತುದಿ ಕೊಳೆಯುತ್ತದೆ. ಬುಡದ ಕಡೆ ಓರೆ ಕಡಿದು, ಹಾರೆಯಿಂದ ಮೊದಲೇ ಕುಳಿ ಮಾಡಿ, ಒಂದಡಿ ಆಳಕ್ಕೆ ಇಳಿಸಿ ಸುತ್ತ ಮೆಟ್ಟಿ. ಕೋಲನ್ನೇ ನೆಲಕ್ಕೆ ಬಡಿದು ಊರಿದರೆ ಕೆಳಗಿನ ತೊಗಟೆ ಸುಲಿದು ಬೇರು ಬರುವುದಿಲ್ಲ, ಮೇಲಿನ ಚಿಗುರು ಮಾತ್ರ ಹದಿನೈದು ದಿನ ಆಸೆ ಹುಟ್ಟಿಸಿ ಒಣಗುತ್ತದೆ. ತಲೆಕೆಳಗಾಗಿ ಊರುವುದೂ ಉಂಟು, ಹೊರೆ ಕಟ್ಟುವಾಗಲೇ ಬುಡವೆಲ್ಲ ಒಂದೇ ಕಡೆ ಇಟ್ಟರೆ ಆ ತಪ್ಪಾಗುವುದಿಲ್ಲ. ಕೋಲಿನ ಗಿಡಕ್ಕೆ ತಾಯಿಬೇರು ಇಲ್ಲ. ಗಾಳಿ ಹೊಡೆಯುವ ಬೆಟ್ಟಿಗೆ, ಸಡಿಲ ಹುಣಿಗೆ ಬೀಜದ ಗಿಡವೇ ಒಳ್ಳೆಯದು. ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಫೆಬ್ರವರಿ-ಮಾರ್ಚ್‌ನಲ್ಲಿ ಮಣ್ಣು ತುಂಬಿದ ಪ್ಲಾಸ್ಟಿಕ್ ಲಕೋಟೆಗೆ ಹಾಕಿದರೆ ಮಳೆಗೆ ಸಸಿ ತಯಾರು.

ಸೊಪ್ಪು ಹಾಕುವುದರಲ್ಲಿ ಎರಡು ತಪ್ಪು ಎದ್ದು ಕಾಣುತ್ತವೆ. ಗದ್ದೆಗೆ ಸೊಪ್ಪು ತುಳಿದ ಮರುದಿನವೇ ನೇಜಿ (ಭತ್ತದ ಸಸಿ) ನೆಡುವುದು ಒಂದು. ಕೊಳೆಯುವ ಸೊಪ್ಪಿನ ಬಿಸಿಗೆ, ಹುಳಿಗೆ ನೇಜಿ ಹಳದಿಯಾಗಿ ಹತ್ತು ದಿನ ಹಿಂದೆ ಬೀಳುತ್ತದೆ. ಸೊಪ್ಪು ಮಣ್ಣಿನಲ್ಲಿ ಹುದುಗಿಸಿ ನೀರು ಕಟ್ಟಿ ಹತ್ತು ಹನ್ನೆರಡು ದಿನ ಬಿಡಬೇಕು. ಇನ್ನೊಂದು, ಅಡಿಕೆಯ ಬುಡಕ್ಕೆ ತಾಗಿಸಿ ರಾಶಿ ಹಾಕುವುದು. ಬುಡದಿಂದ ಒಂದಡಿ ಬಿಟ್ಟು ಸುತ್ತ ಹರಡಿ. ಬೆರಳಿಗಿಂತ ದಪ್ಪದ ಗೆಲ್ಲನ್ನು ಸೊಪ್ಪಿನೊಟ್ಟಿಗೆ ಹೂಳಬೇಡಿ, ಅದು ಕೊಳೆಯಲು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಗೆಲ್ಲು ಒಲೆಗೆ, ಬೂದಿ ಮರಳಿ ಬುಡಕ್ಕೆ.

ತೆಂಗಿನ ನಡುವೆ ಏನು ಬೆಳೆಯಬಹುದು ಎಂಬುದನ್ನು ತೆಂಗಿನ ವಯಸ್ಸೇ ಹೇಳುತ್ತದೆ. 25 ಅಡಿ ಅಂತರದ ತೆಂಗಿಗೆ 625 ಚದರಡಿ ಜಾಗ. ಅದರ ಕೆಲಸದ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರೂವರೆ ಅಡಿಯ ಸುತ್ತಿನಲ್ಲೇ ಇರುತ್ತವೆ, ಆ ಸುತ್ತು 133 ಚದರಡಿ. ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಖಾಲಿ ಎಂದಾಯಿತು. ಕೊರತೆ ಇರುವುದು ಬೆಳಕಿನದು. ಮೊದಲ ಎಂಟು ವರ್ಷ ಬಿಸಿಲು ಧಾರಾಳ: ಅಲಸಂಡೆ, ಹರಿವೆ, ಮರಗೆಣಸು, ಬಾಳೆ ಎಲ್ಲ ಆಗುತ್ತದೆ. ಎಂಟರಿಂದ ಇಪ್ಪತ್ತೈದು ವರ್ಷದವರೆಗೆ ಮಡಲು ತಗ್ಗಿನಲ್ಲಿ ಹರಡಿ ಗಾಢ ನೆರಳು. ಆಗ ಅರಸಿನ, ಕೆಸು, ಸುವರ್ಣಗೆಡ್ಡೆಯಂಥ ನೆರಳು ತಡೆಯುವವು ಸಾಕು, ಅವೂ ಪೂರ್ತಿ ಇಳುವರಿ ಕೊಡವು. ಇಪ್ಪತ್ತೈದು ದಾಟಿದ ಮೇಲೆ ತಲೆ ಎತ್ತರಕ್ಕೆ ಹೋಗಿ ಬೆಳಕು ಮತ್ತೆ ಕೆಳಗಿಳಿಯುತ್ತದೆ, ಕೊಕ್ಕೊ, ಬಾಳೆ, ಕಾಳುಮೆಣಸಿಗೆ ಅದೇ ಹೊತ್ತು. ಹದಿನೈದು ವರ್ಷದ ತೆಂಗಿನ ಕೆಳಗೆ ಕೊಕ್ಕೊ ನೆಟ್ಟು ಕಾಯಿಲ್ಲ ಎನ್ನುವವರು ವಯಸ್ಸಿನ ಈ ಲೆಕ್ಕ ನೋಡಿರುವುದಿಲ್ಲ. ಮತ್ತೊಂದು ಮಾತು: ನಡುವಿನ ಬೆಳೆಗೆ ಗೊಬ್ಬರ ಬೇರೆಯೇ ಕೊಡಬೇಕು. ಕೊಕ್ಕೊಗೂ ಅಡಿಕೆಯಷ್ಟೇ ಗೊಬ್ಬರ ಬೇಕು. ಒಂದರ ಪಾಲನ್ನು ಇಬ್ಬರಿಗೆ ಹಂಚಿದರೆ ಎರಡೂ ಬಡವಾಗುತ್ತವೆ.

ಕಾಳುಮೆಣಸಿನ ವಿಷಯದಲ್ಲೂ ಆ ಕೋಲಿನ ನೆರಳೇ ದಾರಿ ತೋರಿಸುತ್ತದೆ. ಬಳ್ಳಿಯನ್ನು ಅಡಿಕೆಮರದ ಬಡಗಬದಿಗೆ, ಬುಡದಿಂದ ಎರಡೂವರೆ ಅಡಿ ದೂರ ನೆಡಿ. ಬೇಸಗೆಯ ತೆಂಕು ಬಿಸಿಲಿಗೆ ಮರದ ಕಾಂಡವೇ ಎಳೆ ಬಳ್ಳಿಗೆ ಅಡ್ಡ ನಿಲ್ಲುತ್ತದೆ. ತೆಂಕಬದಿಯಲ್ಲಿ ನೆಟ್ಟದ್ದು ಮಾರ್ಚ್ ಹೊತ್ತಿಗೆ ಸುಟ್ಟುಹೋಗುತ್ತದೆ. ಹಲಸು, ಗ್ಲಿರಿಸಿಡಿಯಾದಂಥ ಮರಕ್ಕೆ ಹಬ್ಬಿಸಿದ್ದಾದರೆ ಮಳೆ ಹಿಡಿಯುತ್ತಿದ್ದಂತೆ ಗೆಲ್ಲು ಇಳಿಸಿ. ಹೊಸ ಚಿಗುರಿನೊಟ್ಟಿಗೆ ಕದಿರು ಬರುವ ಹೊತ್ತದು, ಬೆಳಕು ಬೇಕು. ಮಳೆಗಾಲದಲ್ಲಿ ದಟ್ಟ ನೆರಳು ಉಳಿದರೆ ಬುಡ ಆರುವುದೇ ಇಲ್ಲ, ಸೊರಗು ರೋಗ ಒಂದು ಬಳ್ಳಿಯಿಂದ ಇನ್ನೊಂದಕ್ಕೆ ನೀರಿನೊಟ್ಟಿಗೆ ಹರಿಯುತ್ತದೆ. ಮಳೆಗೆ ಮೊದಲು ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು, ಎಲೆಗೂ ಬುಡಕ್ಕೂ. ಹಾಲಿವಾಣಕ್ಕೆ ಹಬ್ಬಿಸುವುದು ಹಿಂದೆ ರೂಢಿಯಲ್ಲಿತ್ತು. ಎಲೆಯಲ್ಲಿ ಗಂಟು ಬರಿಸುವ ಸಣ್ಣ ಕಣಜ ಬಂದ ಮೇಲೆ ಆ ಮರವನ್ನು ನಂಬುವ ಹಾಗಿಲ್ಲ.

ಹಣ್ಣಿನ ಮರದಲ್ಲಿ ಎರಡರ ಬಗ್ಗೆ ಮಾತ್ರ ಹೇಳುತ್ತೇನೆ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ತಂದರೆ ಅರ್ಧದಷ್ಟು ಗಂಡು ಬರಬಹುದು, ಅದು ಗೊತ್ತಾಗಲು ಏಳೆಂಟು ವರ್ಷ ಕಾಯಬೇಕು. ಸಣ್ಣ ಜಾಗದವರಿಗೆ ಆ ಕಾಯುವಿಕೆ ದುಬಾರಿ, ಹೆಣ್ಣು ಮರದ ಕಸಿ ಗಿಡವನ್ನೇ ಕೇಳಿ ತನ್ನಿ. ಹಲಸಿನಲ್ಲಿ ಬೇಗ ಬಿಡುವ ತಳಿ ನೋಡಿ. ಫೆಬ್ರವರಿ-ಮಾರ್ಚ್‌ನಲ್ಲಿ ಎಳೆ ಕಾಯಿ, ಅಂದರೆ ಗುಜ್ಜೆ, ಮಾರಬಹುದು, ಮೇ ತಿಂಗಳಲ್ಲಿ ಹಣ್ಣು ತಿನ್ನಬಹುದು. ಜೂನ್ ಕೊನೆಗೆ ಹಣ್ಣಾಗುವ ಮರದ್ದು ಮಳೆಯಲ್ಲಿ ನೀರು ಕುಡಿದು ಸಪ್ಪೆಯಾಗಿ ಬುಡದಲ್ಲೇ ಕೊಳೆಯುತ್ತದೆ.

ಕುಮ್ಕಿಯಲ್ಲಿ ನೆಡಬಹುದೇ ಎಂದು ಕೇಳುವವರಿದ್ದಾರೆ. ಹಳೆಯ ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ನೆಲದ, ಗಡಿಯಿಂದ ನೂರು ಗಜದ ಒಳಗಿನ ಕುಮ್ಕಿ ಸರಕಾರದ ನೆಲ. ಸೊಪ್ಪು, ತರಗೆಲೆ, ಕಟ್ಟಿಗೆ, ಮೇವು ತರುವ ಸವಲತ್ತು ನಮ್ಮದು, ಮಾಲಕತ್ವ ಅಲ್ಲ. ಅಲ್ಲಿ ಮರ ಉಳಿಸಿ, ಸೊಪ್ಪು ತನ್ನಿ. ಕಡಿದು ಮಾರುವ ಮರವನ್ನು ವರ್ಗ ಜಾಗದಲ್ಲೇ ನೆಡಿ. ವರ್ಗ ಜಾಗದಲ್ಲೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಹಲವು ಜಾತಿಯ ಮರ ಕಡಿಯಲು ಅನುಮತಿ ಬೇಕು, ಕೆಲವಕ್ಕೆ ವಿನಾಯಿತಿ ಇದೆ. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ನೆಡುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ವಿಚಾರವನ್ನೂ ಅಲ್ಲೇ ಕೇಳಿ. ಬದುಕುಳಿದ ಸಸಿ ಎಣಿಸಿ ಮೂರು ವರ್ಷ ಹಣ ಕೊಡುವ ಯೋಜನೆ ಅದು, ಆದ್ದರಿಂದ ನೆಟ್ಟದ್ದಕ್ಕಿಂತ ಉಳಿಸಿದ್ದಕ್ಕೆ ಬೆಲೆ.

ಉಳಿಸುವುದು ಕುಳಿಯಿಂದಲೇ ಶುರು. ಮುರಕಲ್ಲಿನ ನೆಲದಲ್ಲಿ ತೆಂಗಿಗೆ ನಾಲ್ಕಡಿ ಉದ್ದ, ಅಗಲ, ಆಳದ ಕುಳಿ ಬೇಕು. ಆರು ತಿಂಗಳ ಮುಂಚೆ ಕುಳಿಗೆ ಎರಡು ಕಿಲೊ ಉಪ್ಪು ಹಾಕಿಟ್ಟರೆ ಗಟ್ಟಿ ಮುರ ಸಡಿಲಾಗುತ್ತದೆ. ಹಲಸು, ಪುನರ್ಪುಳಿಗೆ ಎರಡಡಿಯ ಕುಳಿ ಸಾಕು. ಆದರೆ ಮುರಕಲ್ಲಿನಲ್ಲಿ ತೆಗೆದ ಕುಳಿ ಬಾವಿಯ ಹಾಗೆ, ಸುರಿಮಳೆಯಲ್ಲಿ ತುಂಬಿದರೆ ಇಳಿಯುವುದಿಲ್ಲ. ಕುಳಿಯನ್ನು ಮೇಲ್ಮಣ್ಣು, ಹಟ್ಟಿ ಗೊಬ್ಬರದಿಂದ ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಕ್ಕೆ ತುಂಬಿ, ಆ ದಿಬ್ಬದ ಮೇಲೆ ಸಸಿ ನೆಡಿ. ಜೋರು ಮಳೆಯ ಜುಲೈ ಬಿಟ್ಟು ಜೂನ್ ಮೊದಲು ಅಥವಾ ಆಗಸ್ಟ್ ಕೊನೆಗೆ ನೆಟ್ಟರೆ ಒಳ್ಳೆಯದು. ಲಕೋಟೆಯ ತಳದಲ್ಲಿ ಬೇರು ಸುತ್ತಿಕೊಂಡಿದ್ದರೆ ಕೆಳಗಿನ ಒಂದಿಂಚನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಅದೇ ಸುತ್ತು ಮುಂದೆ ಉರುಳಾಗುತ್ತದೆ. ಕಸಿಯ ಗಂಟು ಮಣ್ಣಿನ ಮೇಲೆ ಇರಲಿ, ಗಂಟಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟುತ್ತಾ ಇರಿ. ಅದನ್ನು ಬಿಟ್ಟರೆ ಎರಡು ವರ್ಷದಲ್ಲಿ ಕಸಿ ಸತ್ತು ಕಾಡು ಗಿಡ ಉಳಿಯುತ್ತದೆ.

ದೀಪಾವಳಿ ಕಳೆದ ಮೇಲೆ ಬುಡದ ಸುತ್ತ ಕೈಯಗಲ ಬಿಟ್ಟು ತರಗೆಲೆ ಹೊದೆಸಿ, ವಾರಕ್ಕೊಂದು ದೊಡ್ಡ ಕೊಡ ನೀರು ಕೊಡಿ. ಸಸಿಯ ತೆಂಕು-ಪಡು ಮೂಲೆಗೆ ಎರಡು ತೆಂಗಿನ ಮಡಲು ಓರೆಯಾಗಿ ಊರಿ ನೆರಳು ಮಾಡಿ. ಮೊದಲ ಎರಡು ಬೇಸಗೆ ಹೀಗೆ. ಮೂರನೇ ವರ್ಷ ಮಡಲು ಬೇಡ.